ಹಿಂದಕ್ಕೆ ಬಾರದ ಮನೆ-ಗಾಡಿ

ನಮ್ಮ ಮನೆಗೆ ಯಾರು ಬಂದರೂ ನನ್ನ ಗಂಡ ಕಾಫಿಗಿಂತ ಮೊದಲು ಆಲ್ಬಂ ತಂದಿಡುತ್ತಾರೆ. ಬುದ್ಧಗಯೆಯ ಮರದ ಹತ್ತಿರ ನಾವಿಬ್ಬರು, ನರ್ಮದೆಯ ಸೇತುವೆಯ ಮೇಲೆ ಜೀಪು, ಜೀಪಿನ ಹಿಂದೆ ಅವರೇ ಕೈಯಾರೆ ಕಟ್ಟಿದ ಮನೆ-ಗಾಡಿ. ಎರಡು ತಿಂಗಳು, ನಾಲ್ಕೂವರೆ ಸಾವಿರ ಕಿಲೋಮೀಟರು ಎಂದು ಅವರು ಎದೆಯುಬ್ಬಿಸಿ ಹೇಳುವಾಗ ಬಂದವರು ನನ್ನ ಕಡೆ ತಿರುಗಿ, ಪುಣ್ಯ ಮಾಡಿದ್ದಿರಿ ಯಶೋದಮ್ಮ ಎನ್ನುತ್ತಾರೆ. ನಾನು ಹಲ್ಲು ಕಚ್ಚಿಕೊಂಡು ನಗುತ್ತೇನೆ. ಆ ಆಲ್ಬಮ್ಮಿನಲ್ಲಿ ಮೊದಲ ಒಂಬತ್ತು ದಿನದ ಒಂದು ಫೋಟೊ ಕೂಡ ಇಲ್ಲ. ಪೆಟ್ರೋಲ್ ಬಂಕುಗಳ ಫೋಟೊ ಯಾರು ತೆಗೆಯುತ್ತಾರೆ?

ನನ್ನ ಗಂಡನ ಹೆಸರು ವೆಂಕಟಸ್ವಾಮಿ. ಹಲಸೂರು ಕೆರೆಯ ಹಿಂದಿನ ಗಲ್ಲಿಯಲ್ಲಿ ಹುಟ್ಟಿ ಅಲ್ಲೇ ಬೆಳೆದವರು. ಹಳೇ ಮದ್ರಾಸು ರಸ್ತೆಯಲ್ಲಿ ಬಸ್ಸಿನ ಬಾಡಿ ಕಟ್ಟುವ ಒಂದು ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ ವೆಲ್ಡಿಂಗ್ ಮಾಡಿದರು. ಕೆಲಸದಲ್ಲಿ ಅವರ ಕೈ ಚಿನ್ನ, ಅದನ್ನು ನಾನು ಇಲ್ಲವೆನ್ನುವುದಿಲ್ಲ. ಆದರೆ ಅವರ ಜೊತೆ ಬಸ್ಸಿನಲ್ಲಿ ಹೋಗುವುದೊಂದು ಶಿಕ್ಷೆ. ಸೀಟು ಖಾಲಿಯಿದ್ದರೂ ಕೂರದೆ ತಗಡಿನ ಜೋಡಣೆ ನೋಡುತ್ತ, ಬೆರಳಲ್ಲಿ ತಟ್ಟುತ್ತ, ಇಳಿಯುವ ಸ್ಟಾಪು ದಾಟಿಸಿಬಿಡುತ್ತಾರೆ. ಇನ್ನೊಂದು ಗುಣ ಅದಕ್ಕಿಂತ ಕಷ್ಟ. ‘ನನಗೆ ಬರಲ್ಲ’, ‘ನನಗೆ ಗೊತ್ತಿಲ್ಲ’ ಎಂಬ ಮಾತು ಅವರ ಬಾಯಿಂದ ಬಂದದ್ದನ್ನು ನಾನು ಕೇಳಿರಲೇ ಇಲ್ಲ. ಶಿವಾಜಿನಗರ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕುಕ್ ಟೌನಿಗೆ ದಾರಿ ಕೇಳಿದರೆ, ದಾರಿ ಮರೆತಿದ್ದರೂ ಒಪ್ಪಿಕೊಳ್ಳದೆ ಅವರನ್ನು ಕಮ್ಮನಹಳ್ಳಿಗೆ ಕಳಿಸಿದ ಮಹಾನುಭಾವರು.

ಈ ಗುಣದಿಂದ ನನಗಾದ ನಷ್ಟ ದೊಡ್ಡದು. ನನಗೆ ಒಬ್ಬಳೇ ಅಕ್ಕ, ಬೈರಮ್ಮ. ಅಮ್ಮ ಹೋದಾಗ ನನಗೆ ನಾಲ್ಕು ವರ್ಷ, ಅವಳಿಗೆ ಹದಿಮೂರು. ನನ್ನ ತಲೆ ಬಾಚಿ, ಊಟ ಕಟ್ಟಿ, ಏಳನೇ ಕ್ಲಾಸಿನವರೆಗೆ ಓದಿಸಿದವಳು ಅವಳು. ನನ್ನ ಮದುವೆ ಮಾಡಿಸಿದ ಮೇಲೆಯೇ ತನ್ನದಕ್ಕೆ ಒಪ್ಪಿದಳು. ಅವಳ ಗಂಡ ಅಮರಪ್ಪ ರಾಯಚೂರು ಕಡೆಯವರು, ಉದ್ದನೆಯ ಟ್ರೇಲರ್ ಲಾರಿಗಳ ಡ್ರೈವರು. ೧೯೮೧ರ ಬುದ್ಧ ಪೂರ್ಣಿಮೆಗೆ ಹಲಸೂರಿನ ಅಕ್ಕ-ಭಾವನ ಬಾಡಿಗೆ ಕೋಣೆಯಲ್ಲಿ ನಮಗೆಲ್ಲ ಊಟ. ಹತ್ತು ಜನರ ಮುಂದೆ ಭಾವ ತಮಾಷೆಗೆ, ನಮ್ಮ ಸ್ವಾಮಿ ದಿನಕ್ಕೊಂದು ಬಸ್ಸು ಕಟ್ಟುತ್ತಾನೆ, ಒಂದು ಗಜ ಓಡಿಸು ಅಂದರೆ ಮಾತ್ರ ಬೆವರುತ್ತಾನೆ ಎಂದರು. ಎಲ್ಲರೂ ನಕ್ಕರು. ಅಯ್ಯೋ, ನಾನೂ ನಕ್ಕೆ. ನನ್ನ ಗಂಡ ಅರ್ಧ ಊಟದಲ್ಲಿ ಎಲೆ ಬಿಟ್ಟೆದ್ದರು. ಆರು ತಿಂಗಳಲ್ಲಿ ಹಟ ಹಿಡಿದು ಡ್ರೈವಿಂಗ್ ಕಲಿತು ಲೈಸೆನ್ಸ್ ತಂದರು. ಆದರೆ ಆ ಮನೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ ಎಂದವರು ತುಳಿಯಲಿಲ್ಲ. ಮರುವರ್ಷ ಭಾವನಿಗೆ ನಾಗಪುರದಲ್ಲಿ ಕೆಲಸ ಸಿಕ್ಕಿ ಅವರು ಊರು ಬಿಟ್ಟರು. ಆಮೇಲೆ ಅಕ್ಕ ಎಂದರೆ ನನಗೆ ಕಾಗದ, ಎಸ್‌ಟಿಡಿ ಬೂತಿನ ಮೂರು ನಿಮಿಷ, ಎರಡು ಸಲ ನೆಂಟರ ಮದುವೆಯಲ್ಲಿ ಅರ್ಧ ದಿನ, ಅಷ್ಟೇ.

ಹೆರಿಗೆ ಆಸ್ಪತ್ರೆಯಲ್ಲಿ ಇಪ್ಪತ್ತೆಂಟು ವರ್ಷ ಆಯಾ ಆಗಿದ್ದವಳು ನಾನು, ರಜೆ ಎಲ್ಲಿತ್ತು? ರಜೆ ಸಿಕ್ಕಿದಾಗ ಒಬ್ಬಳೇ ಹೋಗಿಬರುತ್ತೇನೆಂದು ಕಾಗದ ಬರೆದರೆ ಅಕ್ಕ ಪ್ರತಿ ಸಲವೂ ಒಂದೇ ಉತ್ತರ ಬರೆಸುತ್ತಿದ್ದಳು. ಬಂದರೆ ಇಬ್ಬರೂ ಬನ್ನಿ, ಗಂಡನ ಜೊತೆ ಜಗಳ ಆಡಿ ಬಿಟ್ಟು ಬಂದಳು ಎನ್ನಿಸಿಕೊಂಡು ನೀನು ನನ್ನ ಮನೆಗೆ ಬರಬೇಡ. ಅವಳ ಹಟ ಒಂದು, ಇವರ ಹಟ ಒಂದು, ನಡುವೆ ನಾನು.

೨೦೦೨ರಲ್ಲಿ ಕಾರ್ಖಾನೆಯವರು ಇವರನ್ನು ಸ್ವಯಂ ನಿವೃತ್ತಿ ಎಂದು ಮನೆಗೆ ಕಳಿಸಿದರು. ಎರಡು ತಿಂಗಳು ನನ್ನ ಅಡುಗೆಮನೆಯ ಪ್ರತಿ ಸ್ಕ್ರೂ ಬಿಗಿಮಾಡಿ, ಮೂರನೇ ತಿಂಗಳು ಮನೆ-ಗಾಡಿ ಕಟ್ಟುತ್ತೇನೆ ಎಂದರು. ಯಾವುದೋ ವಿದೇಶಿ ಪತ್ರಿಕೆಯ ಚಿತ್ರದಲ್ಲಿ ಬಿಳಿಯರ ಗಂಡಹೆಂಡತಿ ಕಾರಿನ ಹಿಂದೆ ಮನೆ ಕಟ್ಟಿಕೊಂಡು ದೇಶ ಸುತ್ತುವುದನ್ನು ನೋಡಿದ್ದರಂತೆ. ಶಿವಾಜಿನಗರದ ಗುಜರಿಯಲ್ಲಿ ನಯಾಜ್ ಎಂಬ ಅವರ ಹಳೇ ಸ್ನೇಹಿತ ಆಕ್ಸಲ್, ಚಕ್ರ, ಕಿಟಕಿ ಒದಗಿಸಿದ. ಮಿಲಿಟರಿ ಹರಾಜಿನಲ್ಲಿ ಒಂದು ಮುದಿ ಜೀಪು ಸಿಕ್ಕಿತು. ಕೆ.ಆರ್. ಪುರದ ಖಾಲಿ ಸೈಟಿನಲ್ಲಿ ಒಂದೂವರೆ ವರ್ಷ ಸುತ್ತಿಗೆ ಸದ್ದು. ಕೊನೆಗೆ ನಿಂತದ್ದು ಎರಡು ಮಂಚ, ಗ್ಯಾಸ್ ಒಲೆ, ನೀರಿನ ಟ್ಯಾಂಕು ಇರುವ ಕಬ್ಬಿಣದ ಕೋಟೆ. ಆನೆ ಒದ್ದರೂ ಏನೂ ಆಗಬಾರದು ಎಂದು ಕಟ್ಟಿದ್ದರು. ಬಿಳಿ ಬಣ್ಣ ಹೊಡೆದದ್ದರಿಂದ ಹೋದಲ್ಲೆಲ್ಲ ಹೆಂಗಸರು ಪೋಲಿಯೊ ಹನಿಗೆ ಮಕ್ಕಳನ್ನು ಎತ್ತಿಕೊಂಡು ಬರುತ್ತಿದ್ದರು. ಆ ಮಾತು ಬೇರೆ.

ಅದರಲ್ಲಿ ಬುದ್ಧಗಯೆಗೆ ಹೋಗಿಬರೋಣ ಎಂದರು, ನಾನು ಬರುವುದಿಲ್ಲ ಎಂದೆ. ಅವರು ಗೋಗರೆದರು. ಆಗ ಷರತ್ತು ಹಾಕಿದೆ. ಬುದ್ಧಗಯೆಗೆ ಹೋಗುವ ದಾರಿಯಲ್ಲಿ ನಾಗಪುರವಿದೆ. ಅಕ್ಕನ ಮನೆಗೆ ಇಬ್ಬರೂ ಹೋಗಬೇಕು, ನೀವು ಹೊಸ್ತಿಲು ದಾಟಿ ಕೂತು ಊಟ ಮಾಡಬೇಕು. ಅಕ್ಕನ ಹೃದಯದಲ್ಲಿ ತೊಂದರೆಯಿದೆ ಎಂದು ಆಗಲೇ ಫೋನಿನಲ್ಲಿ ತಿಳಿದಿತ್ತು. ಅವರು ಆಯಿತು ಎಂದರು.

೨೦೦೪ರ ಜನವರಿಯಲ್ಲಿ ಹೊರಟೆವು. ಗಂಟೆಗೆ ಮೂವತ್ತು ಕಿಲೋಮೀಟರ್ ಓಟ. ಎತ್ತಿನ ಗಾಡಿಯವರು ಕೂಡ ಅಯ್ಯೋ ಪಾಪ ಎಂದು ನೋಡುತ್ತಿದ್ದರು. ಅದನ್ನಾದರೂ ಸಹಿಸಬಹುದಿತ್ತು. ಆದರೆ ಈ ಮನುಷ್ಯ ನಾನು ಹೇಳಿದ ಕಡೆ ಎಲ್ಲೂ ನಿಲ್ಲಿಸಲಿಲ್ಲ. ಕರ್ನೂಲಿನಲ್ಲಿ ತುಂಗಭದ್ರೆಯ ದಂಡೆಗೆ ಇಳಿಯೋಣ ಎಂದೆ, ಮುಂದೆ ಒಳ್ಳೆ ಜಾಗ ಇದೆ ಎಂದರು. ಮುಂದೆ ಇದ್ದದ್ದು ಪೆಟ್ರೋಲ್ ಬಂಕು. ಹೈದರಾಬಾದಿನಲ್ಲಿ ಚಾರ್ಮಿನಾರಿನ ಬಳೆ ಅಂಗಡಿ ನೋಡಬೇಕೆಂದು ನಾನು ಹಲಸೂರಿನಿಂದಲೇ ಕನಸು ಕಟ್ಟಿಕೊಂಡು ಬಂದಿದ್ದೆ. ಊರ ಹೊರಗಿನ ರಸ್ತೆ ಹಿಡಿದು ಊರನ್ನೇ ಬಳಸಿಕೊಂಡು ಹೋದರು. ನಿರ್ಮಲ್ ಎಂಬ ಊರಿನಲ್ಲಿ ಬಣ್ಣದ ಮರದ ಬೊಂಬೆಗಳ ಬೀದಿ ಕಣ್ಣೆದುರೇ ಹಾದುಹೋಯಿತು. ನೀವು ಗಾಡಿಯಲ್ಲೇ ಇರಿ, ನಾನು ಇಳಿದು ಹತ್ತು ನಿಮಿಷದಲ್ಲಿ ಬರುತ್ತೇನೆ ಎಂದರೆ, ರಸ್ತೆ ಬದಿ ನಿಲ್ಲಿಸಿದರೆ ಲಾರಿಯವರು ಗುದ್ದುತ್ತಾರೆ ಎಂದರು. ರಾತ್ರಿ ತಂಗುವುದಕ್ಕೂ ಒಂದು ಕಡೆಯಿಂದ ಒಳಗೆ ಹೋಗಿ ಇನ್ನೊಂದು ಕಡೆಯಿಂದ ಹೊರಗೆ ಬರುವಂಥ ಬಂಕೇ ಆಗಬೇಕು. ಯಾಕೆ ಎಂದರೆ, ‘ಅದೇ ಪದ್ಧತಿ.’ ಎಂಥ ಪದ್ಧತಿ, ಯಾರ ಪದ್ಧತಿ? ಆರನೇ ದಿನಕ್ಕೆ ನಾನು ಮಾತು ಬಿಟ್ಟೆ. ಎಂಟನೇ ದಿನಕ್ಕೆ ಸಾರಿಗೆ ಉಪ್ಪು ಹಾಕುವುದನ್ನೂ ಬಿಟ್ಟೆ. ಅವರು ಉಪ್ಪಿಲ್ಲದ ಸಾರನ್ನು ಚೆನ್ನಾಗಿದೆ ಎಂದು ಉಂಡರು.

ಒಂಬತ್ತನೇ ದಿನ ಮಧ್ಯಾಹ್ನ ನಾಗಪುರ. ಅಕ್ಕನ ಮನೆಯ ಗುರುತು ನನಗೆ ಬಾಯಿಪಾಠ: ಸಂತೆ ಮೈದಾನ ದಾಟಿದರೆ ಬುದ್ಧ ವಿಹಾರದ ನೀಲಿ ಬಾವುಟ, ಅದರ ಪಕ್ಕದ ಗಲ್ಲಿ, ಕೊನೇ ಮನೆ, ಆಚೆಗೆ ಗೋಡೆ. ದೂರದಿಂದಲೇ ಬಾವುಟ ಕಂಡಿತು. ಗಲ್ಲಿಯ ಬಾಯಿ ಹತ್ತಿರವಾಗುತ್ತಿದ್ದ ಹಾಗೆ ನನ್ನ ಗಂಡ ಅತ್ತ ಒಮ್ಮೆ ಕಣ್ಣು ಹಾಯಿಸಿ, ಗಾಡಿಯ ವೇಗ ಹೆಚ್ಚಿಸಿದರು.

ನಿಲ್ಲಿಸದಿದ್ದರೆ ಹಾರುತ್ತೇನೆ ಎಂದು ಬಾಗಿಲಿನ ಹಿಡಿ ತಿರುಗಿಸಿದೆ. ಗಾಡಿ ಗಲ್ಲಿಗೆ ಹತ್ತು ಮಾರು ಈಚೆಗೆ ನಿಂತಿತು.

“ಇಪ್ಪತ್ತೆರಡು ವರ್ಷ ಆಯ್ತು. ಇನ್ನೂ ಕೋಪ ಇಳಿದಿಲ್ವಾ ನಿಮ್ಗೆ? ನನ್ನಕ್ಕ ಸತ್ತ ಮೇಲೆ ಇಳಿಯುತ್ತಾ?”

ಅವರು ಸ್ಟೇರಿಂಗ್ ಬಿಡದೆ ಮುಂದೆ ನೋಡುತ್ತಲೇ ಕೂತಿದ್ದರು. ಹಣೆಯಲ್ಲಿ ಬೆವರು.

“ಕೋಪ ಅಲ್ಲ ಕಣೇ. ಒಳಗೆ ಹೋದ್ರೆ ಹಿಂದಕ್ಕೆ ತೆಗೀಬೇಕು. ನಂಗೆ ರಿವರ್ಸ್ ಬರಲ್ಲ.”

ನನಗೆ ಅರ್ಥವಾಗಲಿಲ್ಲ. ಅವರೇ ಹೇಳಿದರು. ಬರೀ ಜೀಪು ಆದರೆ ಬರುತ್ತದೆ. ಹಿಂದೆ ಗಾಡಿ ಕಟ್ಟಿದರೆ ಸ್ಟೇರಿಂಗ್ ಒಂದು ಕಡೆ ತಿರುಗಿಸಿದರೆ ಅದು ಇನ್ನೊಂದು ಕಡೆ ಹೋಗುತ್ತದೆ. ಕೆ.ಆರ್. ಪುರದ ಸೈಟಿನಲ್ಲಿ ಒಂದು ವಾರ ಕದ್ದುಮುಚ್ಚಿ ಪ್ರಯತ್ನಪಟ್ಟರಂತೆ. ಪ್ರತಿ ಸಲವೂ ಗಾಡಿ ಕತ್ತರಿಯ ಹಾಗೆ ಮಡಚಿಕೊಂಡು ಜೀಪಿನ ಪಕ್ಕಕ್ಕೆ ಬಂದು ನಿಂತಿತಂತೆ. ನಯಾಜನಿಗೂ ಹೇಳಲಿಲ್ಲವಂತೆ.

“ಇಂಡಿಯಾ ಪೂರ್ತಿ ಮುಂದಕ್ಕೇ ಹೋಗಿ ಬಂದ್ರಾಯ್ತಲ್ಲ ಅನ್ಕೊಂಡೆ.”

ಒಂಬತ್ತು ದಿನದ ಬಂಕುಗಳೂ, ತಪ್ಪಿದ ನದಿಯೂ, ಬಳೆಯೂ, ಬೊಂಬೆಯೂ ಒಟ್ಟಿಗೆ ಕಣ್ಣ ಮುಂದೆ ಬಂದವು. ಒಂದೂವರೆ ವರ್ಷ ಕೂತು ಆನೆಗೂ ಜಗ್ಗದ ಗಾಡಿ ಕಟ್ಟಿದ ಮನುಷ್ಯನಿಗೆ ಅದನ್ನು ಒಂದು ಮಾರು ಹಿಂದಕ್ಕೆ ತಳ್ಳುವುದು ಗೊತ್ತಿಲ್ಲ. ಗಾಡಿ ಇಲ್ಲೇ ಇರಲಿ, ನಡೆದು ಹೋಗೋಣ ಎಂದೆ. ಅವರು ತಲೆಯಾಡಿಸಿದರು. ಅಮರಪ್ಪ ಡ್ರೈವರು, ಮೊದಲ ಮಾತೇ ಗಾಡಿ ಯಾಕೆ ಹೊರಗೆ ಬಿಟ್ಟೆ, ಒಳಗೆ ತಾ ಎನ್ನುತ್ತಾನೆ, ಆಗ ಅವನ ಮುಂದೆ ಏನು ಹೇಳಲಿ ಎಂದರು. ನಾನು ಚೀಲ ಎತ್ತಿಕೊಂಡು ಇಳಿದೆ. ನೀವು ಬಂದರೆ ಬನ್ನಿ, ಬಿಟ್ಟರೆ ಬಿಡಿ, ನನಗೆ ಸಾಕಾಗಿದೆ ಎಂದು ಗಲ್ಲಿಯೊಳಗೆ ನಡೆದೆ. ಇಪ್ಪತ್ತು ಹೆಜ್ಜೆ ಹೋಗಿರಬೇಕು, ಹಿಂದೆ ಜೀಪಿನ ಸದ್ದು ಕೇಳಿತು. ತಿರುಗಿ ನೋಡಿದೆ. ನನ್ನ ಗಂಡ ಆ ಕಬ್ಬಿಣದ ಕೋಟೆಯನ್ನು ಎಳೆದುಕೊಂಡು, ಎರಡೂ ಕಡೆಯ ಗೋಡೆಗೆ ಒಂದೊಂದು ಗೇಣು ಬಿಟ್ಟು, ಇಳಿಜಾರಿನ ಗಲ್ಲಿಯೊಳಗೆ ಬರುತ್ತಿದ್ದರು. ಅವರ ಮುಖ ನೋಡಲಾಗಲಿಲ್ಲ. ನನಗೆ ಅಳು ಬಂತು.

ಅಕ್ಕ ಬಾಗಿಲಲ್ಲಿ ನಿಂತಿದ್ದಳು. ತುಂಬ ಸೊರಗಿದ್ದಳು. ನನ್ನನ್ನು ತಬ್ಬಿಕೊಂಡವಳು ಬಹಳ ಹೊತ್ತು ಬಿಡಲೇ ಇಲ್ಲ. ನನ್ನ ಗಂಡ ಹೊಸ್ತಿಲು ದಾಟಿದರು, ಕೂತರು, ಉಂಡರು. ಭಾವ ಹಳೆಯ ಮಾತು ಎತ್ತಲಿಲ್ಲ, ಗಾಡಿಯ ಬೆಸುಗೆಯನ್ನು ಮುಟ್ಟಿ ನೋಡಿ ಮೆಚ್ಚಿದರು. ಊಟವಾದ ಮೇಲೆ ನನ್ನ ಗಂಡನೇ ಎಲ್ಲರೆದುರು, ಒಳಗೆ ತಂದಿದ್ದೇನೆ, ಹೊರಗೆ ತೆಗೆಯಲು ನನಗೆ ಬರುವುದಿಲ್ಲ ಎಂದರು. ಭಾವ ನಗಲಿಲ್ಲ. ಒಳಗೆ ಹೋಗಿ ಅಕ್ಕನ ಹತ್ತಿರ ಏನೋ ಮಾತಾಡಿ ಬಂದು, ತನಗೆ ಮಂಡಿನೋವು, ಕ್ಲಚ್ ಒತ್ತಲಾಗುವುದಿಲ್ಲ, ಪರಿಚಯದ ಇನ್ನೊಬ್ಬ ಡ್ರೈವರು ನಾಳೆ ಬರುತ್ತಾನೆ ಎಂದರು.

ನಾಳೆ ಬಂತು, ಡ್ರೈವರು ಬರಲಿಲ್ಲ. ನಾಲ್ಕು ಜನ ಸೇರಿ ತಳ್ಳಿದರು, ಗಾಡಿ ಮೊಳದಷ್ಟು ಏರಿ ಪಕ್ಕದ ಮನೆಯ ನೀರಿನ ಡ್ರಮ್ಮಿಗೆ ಒರಗಿ ನಿಂತಿತು. ಮರುದಿನವೂ ಡ್ರೈವರು ಬರಲಿಲ್ಲ. ನನ್ನ ಗಂಡ ಚಡಪಡಿಸುತ್ತ ಅಕ್ಕನ ಮನೆಯ ಕಿಟಕಿ, ಬಾಗಿಲು, ಕಪಾಟಿನ ಕೀಲುಗಳನ್ನೆಲ್ಲ ರಿಪೇರಿ ಮಾಡಿದರು. ನಾನೂ ಅಕ್ಕನೂ ಒಂದೇ ಚಾಪೆಯಲ್ಲಿ ಮಲಗಿ ಅಮ್ಮನ ಮುಖ ಹೇಗಿತ್ತು ಎಂದು ಮಾತಾಡಿದೆವು. ನನಗೆ ನೆನಪಿರಲಿಲ್ಲ, ಅವಳು ಹೇಳಿದಳು. ಅವಳಿಗೆ ನಾಲ್ಕು ಮಾತಿಗೊಮ್ಮೆ ಉಸಿರು ಕಟ್ಟುತ್ತಿತ್ತು. ಈ ಸಲ ಅವಳ ತಲೆ ನಾನು ಬಾಚಿದೆ.

ನಾಲ್ಕನೇ ದಿನ ಬೆಳಿಗ್ಗೆ ಅಕ್ಕ ಭಾವನ ಕಡೆ ನೋಡಿ, ಸಾಕು, ತೆಗೆದುಕೊಡಿ ಎಂದಳು. ಭಾವ ಬೀಡಿ ಕಚ್ಚಿಕೊಂಡು ಜೀಪು ಹತ್ತಿದರು, ಕುತ್ತಿಗೆ ಹಿಂದಕ್ಕೆ ತಿರುಗಿಸಿದರು, ಒಂದು ಗೋಡೆಯನ್ನೂ ತಾಗಿಸದೆ ಹತ್ತು ನಿಮಿಷದಲ್ಲಿ ಗಾಡಿಯನ್ನು ರಸ್ತೆಗೆ ತಂದು ನಿಲ್ಲಿಸಿದರು. ಮಂಡಿನೋವು ಎಲ್ಲಿ ಹೋಯಿತೋ! ನನಗೆ ರೇಗಿತು. ಮೊದಲ ದಿನವೇ ತೆಗೆದಿದ್ದರೆ ಇವರ ಮಾನ ಉಳಿಯುತ್ತಿತ್ತಲ್ಲ ಎಂದು ಅಕ್ಕನನ್ನು ಕೇಳಿದೆ.

“ಮೊದಲ್ನೇ ದಿನವೇ ತೆಗೆದಿದ್ರೆ ಟೀ ಕುಡ್ದು ಹೊರಟ್ಬಿಡ್ತಿದ್ರಿ. ಬಾಯಿ ಮುಚ್ಕೊಂಡಿರಿ ಅಂತ ಇವ್ರಿಗೆ ನಾನೇ ಹೇಳಿದ್ದೆ. ಇಪ್ಪತ್ತೆರಡು ವರ್ಷಕ್ಕೆ ಮೂರು ದಿನ ಜಾಸ್ತಿ ಆಯ್ತಾ ಯಶೋದಿ?”

ನನ್ನ ಗಂಡ ಅಲ್ಲೇ ನಿಂತಿದ್ದರು. ಎಲ್ಲ ಕೇಳಿಸಿಕೊಂಡಿದ್ದರು. ಇನ್ನು ಸಿಡಿಯುತ್ತಾರೆ ಎಂದು ನಾನು ಹೆದರಿದೆ. ಅವರು ಭಾವನ ಹತ್ತಿರ ಹೋಗಿ ತಲೆ ತಗ್ಗಿಸಿ ನಿಂತರು.

“ಅಣ್ಣ, ವಾಪಸ್ ಒಳಗೆ ಹಾಕಿ. ನಂಗೂ ಹಿಂದಕ್ಕೆ ತೆಗೆಯೋದು ಹೇಳ್ಕೊಡಿ.”

ಕಲಿಯಲು ಐದು ದಿನ ಬೇಕಾಯಿತು. ಬೆಳಿಗ್ಗೆಯೂ ಸಂಜೆಯೂ ಭಾವ ಬೈಯುತ್ತಿದ್ದರು, ಇವರು ಬೈಸಿಕೊಳ್ಳುತ್ತಿದ್ದರು. ಅಕ್ಕ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ನೋಡಿ ನಗುತ್ತಿದ್ದಳು, ನಾನು ಅವಳ ಕಾಲ ಹತ್ತಿರ ಕೂತಿರುತ್ತಿದ್ದೆ. ಆ ವರ್ಷ ಸೆಪ್ಟೆಂಬರಿನಲ್ಲಿ ಅವಳು ಹೋದಳು. ಆ ಐದು ದಿನದಲ್ಲಿ ಇವರಿಗೆ ಎರಡನೇ ದಿನವೇ ರಿವರ್ಸ್ ಬಂದಿತ್ತು. ಗೋಡೆ ಮುಟ್ಟದೆ ಅರ್ಧ ಗಲ್ಲಿ ಸಲೀಸಾಗಿ ಹೋದವರು, ನಮ್ಮ ಕಡೆ ಒಮ್ಮೆ ನೋಡಿ, ಬೇಕೆಂದೇ ಸ್ಟೇರಿಂಗ್ ತಪ್ಪು ತಿರುಗಿಸಿದ್ದನ್ನು ನಾನೂ ಅಕ್ಕನೂ ಭಾವನೂ ಕಣ್ಣಾರೆ ನೋಡಿದೆವು. ಯಾರೂ ಬಾಯಿ ಬಿಡಲಿಲ್ಲ.