ಸಾಹೇಬರ ಗೋಡೆಯ ಮುಳ್ಳು, ದಸ್ತಗೀರ ಚಾಚಾನ ಕಿವಿ

ದಸ್ತಗೀರ ಚಾಚಾ ನಡುರಸ್ತೆಯಲ್ಲಿ ಮಂಡಿಯೂರಿ, ಕಬ್ಬಿಣದ ಸಲಾಕೆಯ ಒಂದು ತುದಿಯನ್ನು ನೆಲಕ್ಕೂ ಇನ್ನೊಂದನ್ನು ಬಲಗಿವಿಗೂ ಹಚ್ಚಿದರೆಂದರೆ, ಗೋಳಗುಮ್ಮಟದ ಕಡೆ ಹೊರಟ ಟಾಂಗಾ ನಿಲ್ಲಲೇಬೇಕು. ನಿಲ್ಲದಿದ್ದರೆ ಕಣ್ಣು ಮುಚ್ಚಿಕೊಂಡೇ ಎಡಗೈ ಎತ್ತುತ್ತಿದ್ದರು. ಆ ಕೈಗೆ ಪೊಲೀಸನ ಕೈಗಿಂತ ಹೆಚ್ಚು ಮರ್ಯಾದೆಯಿತ್ತು. ನೆಲದೊಳಗೆ ನೀರಿನ ಪೈಪು ಎಲ್ಲಿ ಒಡೆದಿದೆ ಎಂದು ಕೇಳಿ ಹಿಡಿಯುವ ವಿದ್ಯೆ ಅದು. ವಿಜಾಪುರದಲ್ಲಿ ವಾಲ್ವ್ ತಿರುವಿ ಓಣಿ ಓಣಿಗೆ ನೀರು ಬಿಡುವವರು ಅವರು, ಅದೇ ಆಫೀಸಿನಲ್ಲಿ ರಿಜಿಸ್ಟರ್ ಬರೆಯುವ ಗುಮಾಸ್ತ ನಾನು. ಎಪ್ಪತ್ತರ ದಶಕದ ಮಾತು. ಇಷ್ಟು ವರ್ಷವಾದರೂ ನೆನೆದರೆ ಮೈ ಉರಿಯುತ್ತದೆ.

ಒಮ್ಮೆ ಬಜಾರದಲ್ಲಿ ಒಬ್ಬ ಬಟ್ಟೆ ಅಂಗಡಿಯವನು, ಒಬ್ಬ ಬೆಲ್ಲದ ಅಂಗಡಿಯವನು, ನಡುಗೋಡೆ ಹಸಿಯಾಗುತ್ತದೆಂದು ಒಬ್ಬರ ಮೇಲೊಬ್ಬರು ಅನುಮಾನಪಟ್ಟು ಮಾತು ಬಿಟ್ಟಿದ್ದರು. ಚಾಚಾ ಸಲಾಕೆ ಊರಿ ಕೇಳಿ, ಬೆಲ್ಲದವನ ಮೆಟ್ಟಿಲಿನಿಂದ ಎರಡು ಮೊಳ ಆಚೆ ಅಗೆಯಲು ಹೇಳಿದರು. ಅಗೆದರೆ ಪೈಪಿನಲ್ಲಿ ಹೆಬ್ಬೆರಳು ತೂರುವಷ್ಟು ತೂತು. ಇಬ್ಬರನ್ನೂ ಅದರ ಮುಂದೆ ನಿಲ್ಲಿಸಿಕೊಂಡು, ಇಷ್ಟು ಸಣ್ಣ ಬಾಯಿಯ ಸಲುವಾಗಿ ಎರಡು ದೊಡ್ಡ ಬಾಯಿ ಮುಚ್ಚಿಕೊಂಡು ಕೂತಿದ್ದಿರಲ್ಲ ಎಂದು ಬೈದರು. ಬೈದು ಮುಗಿಸುವ ಹೊತ್ತಿಗೆ ಇಬ್ಬರೂ ನಗುತ್ತಿದ್ದರು. ನೀರಿಗೆ ಬಾಯಿಲ್ಲ ಎಂದು ಯಾರಾದರೂ ಅಂದರೆ ಚಾಚಾಗೆ ಸಿಟ್ಟು ಬರುತ್ತಿತ್ತು.

“ಬಾಯಿ ಐತಿ. ಕೇಳಾಕ ನಿಮಗ ಕಿವಿ ಇಲ್ಲಂದ್ರ ಅದೇನ ಮಾಡ್ತೈತಿ?”

ಅಂಥವರಿದ್ದ ಆಫೀಸಿಗೆ ಒಂದು ಮಶೀನು ಬಂತು. ಊರಿಗೆ ನೀರುಣಿಸುವ ಎತ್ತರದ ಟಾಕಿಯೊಳಗೆ ತೇಲುವ ತಾಮ್ರದ ಗುಂಡು, ಅದಕ್ಕೊಂದು ಸರಪಳಿ, ಅಲ್ಲಿಂದ ಕಂಬಗಳ ಮೇಲೆ ಹಾದು ಬಂದ ತಂತಿ, ಕೊನೆಗೆ ನಮ್ಮ ಸಾಹೇಬರ ಗೋಡೆಯ ಮೇಲೆ ಗಡಿಯಾರದಂಥ ಡಬ್ಬಿ. ಟಾಕಿಯಲ್ಲಿ ಎಷ್ಟು ಅಡಿ ನೀರಿದೆ ಎಂದು ಅದರ ಮುಳ್ಳು ಅಷ್ಟು ದೂರದಿಂದಲೇ ತೋರಿಸುತ್ತಿತ್ತು. ಗಾಜಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಪೇಡೆ ಹಂಚಿದೆವು. ಅಲ್ಲಿಯವರೆಗೆ ದಿನಾ ಮುಂಜಾನೆ ಟಾಕಿಯ ನಿಚ್ಚಣಿಕೆ ಹತ್ತಿ, ಬಗ್ಗಿ ನೋಡಿ ಬಂದು ಹೇಳುತ್ತಿದ್ದವರು ಚಾಚಾ. ಇನ್ನು ಯಾರೂ ಹತ್ತುವ ಜರೂರಿಲ್ಲವೆಂದು ಸಾಹೇಬರು ನಿಚ್ಚಣಿಕೆಯ ಬಾಗಿಲಿಗೆ ಬೀಗ ಜಡಿಸಿ, ಕೀಲಿಯನ್ನು ತಮ್ಮ ಡ್ರಾಯರಿನಲ್ಲಿಟ್ಟುಕೊಂಡರು. ಮಶೀನಿನ ಮೇಲೆ ನನಗೆ ಸಿಟ್ಟಿಲ್ಲ. ಪಾಪ, ಅದು ತಾಮ್ರ, ತಂತಿ. ಬೀಗ ಜಡಿದವರು ಮನುಷ್ಯರು.

ಒಂದು ಬೇಸಿಗೆಯಲ್ಲಿ ಮುಳ್ಳು ಎರಡು ದಿನ ಹದಿನಾಲ್ಕು ಅಡಿ ಬಿಟ್ಟು ಅಲುಗಲಿಲ್ಲ. ಟಾಕಿ ತುಂಬಿದೆಯೆಂದು ಪಂಪು ನಿಲ್ಲಿಸಿಟ್ಟರು. ಊರೆಲ್ಲ ನೀರು ಬಳಸುತ್ತಿದೆ, ಪಂಪು ನಿಂತಿದೆ, ಟಾಕಿ ಮಾತ್ರ ತುಂಬಿಯೇ ಇದೆ. ಶಾಲೆಯ ಮೆಟ್ಟಿಲು ಹತ್ತದವನಿಗೂ ಇದು ತಿಳಿಯುವ ಮಾತು, ಕಲಿತ ನಮಗೆ ತಿಳಿಯಲಿಲ್ಲ. ಎರಡನೆಯ ದಿನ ಮಧ್ಯಾಹ್ನ ಚಾಚಾ ಬೆವರು ಸುರಿಸುತ್ತ ಒಳಗೆ ಬಂದರು. ಗುಮ್ಮಟದ ಹಿಂದಿನ ಓಣಿಯಲ್ಲಿ ಸಲಾಕೆ ಇಟ್ಟು ಕೇಳಿ ಬಂದಿದ್ದರು.

“ಪೈಪ್ ಖಾಲಿ ಆಗೇತ್ರಿ ಸಾಹೇಬ್ರ. ಒಡದ ಜಾಗಾದಾಗ ಉಸಿರು ಒಳಗ ಜಗ್ಗಾಕತ್ತೈತಿ. ಬಾಜೂಕ ಗಟಾರ ಐತಿ. ಅದನ್ನ ಕುಡ್ಯಾಕತ್ತೈತ್ರಿ ಅದು.”

ಸಾಹೇಬರು ಗೋಡೆಯ ಕಡೆ ಬೆರಳು ತೋರಿಸಿ, ನಿನ್ನ ಕಿವಿಯನ್ನು ನಂಬಲೋ ಮಶೀನನ್ನು ನಂಬಲೋ ಎಂದು ನಕ್ಕರು.

“ಎರಡೂ ನಂಬಬ್ಯಾಡ್ರಿ. ಕೀಲಿ ಕೊಡ್ರಿ, ಹತ್ತಿ ನೋಡಿ ಬರ್ತೇನಿ.”

ಕೀಲಿ ಕೊಡಲಿಲ್ಲ. ಡ್ರಾಯರು ನನ್ನ ಮೇಜಿನಿಂದ ನಾಲ್ಕು ಹೆಜ್ಜೆ. ನಾನು ತಲೆ ತಗ್ಗಿಸಿ ಹದಿನಾಲ್ಕು ಅಡಿ ಎಂದು ಬರೆದೆ.

ಚಾಚಾ ಆ ಉರಿಬಿಸಿಲಿನಲ್ಲೇ ಓಣಿಗೆ ಮರಳಿ, ನಳದ ನೀರು ಕುಡಿಯಬೇಡಿ, ಬಾವಡಿಯಿಂದ ಸೇದಿ ತನ್ನಿ ಎಂದು ಮನೆಮನೆಗೆ ಹೇಳಿದರು. ಕೆಲವರು ಕೇಳಿದರು. ಆಫೀಸಿನವರು ಏನೂ ಅಂದಿಲ್ಲವಲ್ಲ ಎಂದು ಕೆಲವರು ಸುಮ್ಮನಾದರು. ದಿನಾ ಮಧ್ಯಾಹ್ನ ಅವರನ್ನು ಕರೆದು ಮಜ್ಜಿಗೆ ಕೊಡುತ್ತಿದ್ದ ಹೂವಿನ ಗಂಗವ್ವ ಅಂದು ಮುಂಜಾನೆಯೇ ನಳದಲ್ಲಿ ಸಣ್ಣಗೆ ಬಂದ ನೀರನ್ನು ಕೊಡಕ್ಕೆ ಹಿಡಿದಿಟ್ಟು ಕುಡಿದಿದ್ದಳು. ಮರುದಿನ ಓಣಿಯಲ್ಲಿ ವಾಂತಿ ಭೇದಿ ಶುರುವಾಯಿತು. ಉಳಿದವರು ದವಾಖಾನೆಯಿಂದ ಮನೆಗೆ ಬಂದರು, ಗಂಗವ್ವ ಬರಲಿಲ್ಲ.

ಆಮೇಲೆ ಬೀಗ ತೆಗೆದರು. ಸರಪಳಿ ಒಳಗಿನ ಕೊಂಡಿಗೆ ಸಿಕ್ಕಿಬಿದ್ದು ಗುಂಡು ಗಾಳಿಯಲ್ಲಿ ಜೋತಾಡುತ್ತಿತ್ತು. ಟಾಕಿಯ ತಳದಲ್ಲಿ ಬರೀ ರಾಡಿ.

ವಿಚಾರಣೆಗೆ ಮೇಲಿನವರು ಬಂದರು. ಆ ಹೊತ್ತಿಗೆ ಸರಪಳಿ ಬಿಡಿಸಿ, ಟಾಕಿ ತುಂಬಿಸಿ, ಎಲ್ಲ ಸರಿಮಾಡಿ ಇಡಲಾಗಿತ್ತು. ಸಾಹೇಬರು ನನ್ನ ರಿಜಿಸ್ಟರನ್ನು ಮುಂದಿಟ್ಟರು. ಅದರ ಪ್ರಕಾರ ಟಾಕಿ ತುಂಬಿತ್ತು. ಟಾಕಿ ತುಂಬಿದ್ದೂ ಪೈಪು ಖಾಲಿಯಾದರೆ ತಪ್ಪು ಯಾರದು? ವಾಲ್ವ್ ಸರಿಯಾಗಿ ತೆರೆಯದವನದು. ದಸ್ತಗೀರಸಾಬ ಮೊದಲೇ ಬಂದು ತಿಳಿಸಿದ್ದನೇ ಎಂದು ಮೇಲಿನವರು ನನ್ನನ್ನು ಕೇಳಿದರು. ಚಾಚಾ ಬಾಗಿಲಲ್ಲಿ ನಿಂತಿದ್ದರು. ಸಾಹೇಬರು ನನ್ನನ್ನೇ ನೋಡುತ್ತಿದ್ದರು. ನನಗೆ ನೆನಪಿಲ್ಲ ಎಂದೆ. ಚಾಚಾ ಹೊರಗೆ ಹೋದರು. ಅವರ ನೌಕರಿ ಹೋಯಿತು, ಸಾಹೇಬರಿಗೆ ಬಡ್ತಿಯಾಯಿತು. ನಾಲಿಗೆ ಇದ್ದೂ ಮೂಗನಾದ ನನ್ನಂಥವರು ಇರುವವರೆಗೆ ಅಂಥ ಸಾಹೇಬರಿಗೆ ಬಡ್ತಿ ತಪ್ಪುವುದಿಲ್ಲ.

ಆರು ತಿಂಗಳ ಮೇಲೆ, ತಡೆಯಲಾಗದೆ ಬಬಲೇಶ್ವರದ ಬಸ್ಸು ಹತ್ತಿದೆ. ಚಾಚಾ ಅಲ್ಲಿ ಮಗಳ ಮನೆಯಲ್ಲಿದ್ದರು. ಕಟ್ಟೆಯ ಮೇಲೆ ಕೂತು ಹೊರಸಿಗೆ ಹುರಿ ಹೆಣೆಯುತ್ತಿದ್ದರು. ಕೂಡು ಎಂದರು. ಮಗಳು ನೀರು ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದಳು. ನಾನು ನನ್ನ ಕಥೆ ಶುರು ಮಾಡಿದೆ: ಹೊಸ ನೌಕರಿ, ಮನೆಯ ಜವಾಬ್ದಾರಿ, ಸಾಹೇಬರ ಅಂಜಿಕೆ, ಮುಳ್ಳು ತೋರಿಸಿದ್ದನ್ನೇ ತಾನೆ ನಾನು ಬರೆದದ್ದು. ಚಾಚಾ ನಡುವೆ ಬಾಯಿ ಹಾಕದೆ ಎಲ್ಲ ಕೇಳಿಸಿಕೊಂಡರು.

“ಮುಳ್ಳು ತೋರಿಸಿದ್ದು ಬರದಿ, ಅದು ಸುಳ್ಳಲ್ಲ ತಮ್ಮಾ,” ಎಂದರು. “ಅದರ ಬಾಜೂಕ ಷರಾ ಬರಿಯೂ ಜಾಗಾ ಖಾಲಿ ಇತ್ತಲ್ಲ. ದಸ್ತಗೀರ ಹಿಂಗ ಅಂದಾನ ಅಂತ ಅಲ್ಲೊಂದು ಸಾಲು ಹಾಕಬೇಕಿತ್ತು. ಖರೇ ಐತಿ ಅಂತ ಬರಿ ಅಂದಿದ್ದಿಲ್ಲ ನಾ. ಅಂದಾನ ಅಂತ ಬರದಿದ್ರ ಸಾಕಿತ್ತು.”

ಮತ್ತೆ ಹುರಿಗೆ ಕೈ ಹಾಕಿದರು. ನಾನು ಬಸ್ ಸ್ಟ್ಯಾಂಡಿಗೆ ನಡೆದೆ.

ಮುಂದಿನ ವರ್ಷ ಅವರು ತೀರಿಕೊಂಡ ಸುದ್ದಿ ಬಂದಾಗ ನಾನು ಅದೇ ಮೇಜಿನ ಮುಂದೆ ಕೂತಿದ್ದೆ. ರಜೆ ಕೇಳಿದ್ದರೆ ಸಿಗುತ್ತಿತ್ತು, ಬಸ್ಸೂ ಇತ್ತು. ಮಣ್ಣಿಗೆ ಹೋಗಲಿಲ್ಲ. ಆ ಮಗಳ ಮುಂದೆ ಹೋಗಿ ನಿಲ್ಲುವ ಮುಖ ನನಗಿರಲಿಲ್ಲ.