ಅಕ್ಕ ಹೊಲಿದ ರೆಕ್ಕೆ

ಒಬ್ಬೊಬ್ಬರಿಗೆ ಒಂದೊಂದು ಹುಚ್ಚು. ನನಗೆ ನೂರು ವರ್ಷದ ಹಿಂದಿನ ಒಂದು ಬ್ರಿಟಿಷ್ ವಿಮಾನ ಕಂಪನಿಯ ಹುಚ್ಚು. ಚಕ್ರದ ಬೂಟು ತೊಟ್ಟು ಜಾರುವ ಆಟದ ಹಳೆಯ ಶೆಡ್ಡೇ ಅದರ ಕಾರ್ಖಾನೆ. ಬಡಗಿಗಳು ಕಟ್ಟಿಗೆಯ ಚೌಕಟ್ಟು ಮಾಡುತ್ತಿದ್ದರು, ಹೆಂಗಸರು ಅದಕ್ಕೆ ಬಟ್ಟೆ ಹೊಲಿಯುತ್ತಿದ್ದರು. ಮೊದಲ ಮಹಾಯುದ್ಧದಲ್ಲಿ ಅವರಿಗೆ ಉಸಿರಾಡಲೂ ಪುರುಸೊತ್ತಿರಲಿಲ್ಲ. ಯುದ್ಧ ಮುಗಿದ ಮೇಲೆ ವಿಮಾನ ಕೇಳುವವರೇ ಇಲ್ಲ. ಕಂಪನಿ ಮೋಟಾರ್ ಸೈಕಲ್ ಮಾಡಿ ನೋಡಿತು, ಉಳಿಯಲಿಲ್ಲ, ಬಾಗಿಲು ಹಾಕಿತು. ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಯಲ್ಲಿ ಈ ಕಥೆ ಕೇಳಿ ಕೇಳಿ ಎಲ್ಲರ ಕಿವಿ ತೂತಾಗಿದೆ.

ಕಳೆದ ವರ್ಷ, ನಾನು ಪಾಠ ಹೇಳುವ ಸೇಡಂ ರಸ್ತೆಯ ಶಾಲೆಯ ಪ್ರದರ್ಶನಕ್ಕೆ ಚಾವಣಿಗೆ ತೂಗುಹಾಕಲೆಂದು ಆ ಕಂಪನಿಯ ವಿಮಾನದ ಮಾದರಿ ಕಟ್ಟಿದೆ. ಬಿದಿರಿನ ರೆಕ್ಕೆಗೆ ಬಟ್ಟೆ ಹೊಲಿಯಬೇಕಿತ್ತು. ಕಮಲಾಪುರದ ಅಕ್ಕನ ಬಳಿ ಒಯ್ದೆ. ಹಳೆಯ ಸೀರೆಗಳನ್ನು ಪದರ ಪದರ ಸೇರಿಸಿ ಅವಳು ಹೊಲಿದ ಕೌದಿ ಹೊದ್ದೇ ಮನೆಯ ಮಕ್ಕಳೆಲ್ಲ ಬೆಳೆದದ್ದು. ಅಂಗಡಿಯ ಬ್ಲಾಂಕೆಟ್ ಬಂದ ಮೇಲೆ ಅವಳ ಸೂಜಿ ಡಬ್ಬಿ ಸೇರಿತ್ತು.

"ಕೌದಿ ಕೇಳೋರು ಯಾರೂ ಇಲ್ಲ, ರೆಕ್ಕಿ ಕೇಳೋನು ಬಂದಾನ ನೋಡು," ಎಂದು ನಕ್ಕು ಹೊಲಿಯಲು ಕೂತಳು.

ಕಂಪನಿಯ ಕಥೆಯನ್ನು ಅವಳಿಗೂ ಹೇಳಿದೆ. "ಮುಚ್ಚಿದ ಮ್ಯಾಲ ಆ ಹೊಲಿಯೋ ಹೆಣ್ಮಕ್ಕಳು ಏನ್ ಮಾಡಿದ್ರೋ ತಮ್ಮಾ?" ಎಂದು ಕೇಳಿದಳು.

"ಗೊತ್ತಿಲ್ಲಕ್ಕಾ. ಪುಸ್ತಕದಾಗ ಬರದಿಲ್ಲ."

"ಇಷ್ಟು ಓದಿ ಏನ್ ಬಂತು!" ದಾರ ಕಡಿದು ಅಂದಳು, "ನನ್ನ ಹೊಲಿಗಿ ಇಷ್ಟು ದಿನ ಮಲಗಿದವರ ಮೈಮ್ಯಾಲೇ ಬಿದ್ದದ. ಮಂದಿ ತಲಿ ಎತ್ತಿ ನೋಡೋದು ಒಮ್ಮಿ ನಾ ನೋಡಬೇಕು. ಬರ್ತೀನಿ."

ಪ್ರದರ್ಶನದ ಬೆಳಿಗ್ಗೆ ಶಾಲೆಗೆ ಹೋದರೆ ಇಲಿ ರೆಕ್ಕೆಯ ಮೂಲೆಯನ್ನು ಕಡಿದು ಹರಿದು ಹಾಕಿತ್ತು. ಒಳಗಿಂದ ಜೋಳದ ರೊಟ್ಟಿಯ ಚೂರು ಉದುರಿತು. ಆಗಲೇ ತಿಳಿಯಿತು. ನಮ್ಮ ಮನೆಯಲ್ಲಿ ಕೌದಿಯನ್ನು ಹಸಿದ ಹೊಟ್ಟೆಯಲ್ಲಿ ಮುಚ್ಚುವುದಿಲ್ಲ. ಕೊನೆಯ ಹೊಲಿಗೆಗೆ ಮುಂಚೆ ಒಂದು ತುಣುಕು ರೊಟ್ಟಿ ಒಳಗಿಡುತ್ತಾರೆ. ರೆಕ್ಕೆಗೂ ಅಕ್ಕ ಊಟ ಹಾಕಿದ್ದಳು.

ಅತಿಥಿಗಳು ಬರುವ ಹೊತ್ತು. ಜೊತೆಯ ಮಾಸ್ತರರು ಬಟ್ಟೆ ಕಿತ್ತು, ಹಳೆಯ ಫ್ಲೆಕ್ಸ್ ಬ್ಯಾನರ್ ತಿರುಗಿಸಿ ಅಂಟಿಸಿ, ವಿಮಾನವನ್ನು ಮೇಲೆ ತೂಗುಹಾಕಿಬಿಟ್ಟರು. ಅಕ್ಕನಿಗೆ ಫೋನ್ ಮಾಡಿದೆ. "ಬಸ್ಸಿನಾಗ ಇದ್ದೀನಿ, ಸೀಟ್ ಸಿಕ್ಕದ!" ಎಂದಳು, ಹುಡುಗಿಯ ಹಾಗೆ. ವಿಷಯ ಹೇಳದೆ ಫೋನ್ ಇಟ್ಟೆ.

ಇಳಕಲ್ ಸೀರೆ ಉಟ್ಟು ಬಂದಳು. ತಲೆ ಎತ್ತಿ ನೋಡಿದಳು. ಸುತ್ತ ಮಕ್ಕಳು ಚಪ್ಪಾಳೆ ಹೊಡೆಯುತ್ತಿದ್ದರು.

"ನಂದು ಎಲ್ಲದ?"

ಇಲಿಯ ಸುದ್ದಿ ಹೇಳಿದೆ. ಅವಳ ಮುಖ ಸಣ್ಣದಾಯಿತು. "ಹಸ್ಕೊಂಡು ಹೆಂಗ ಹಾರ್ತದಂತ ಇಟ್ಟಿದ್ದೆ ತಮ್ಮಾ."

ಆ ಹರಿದ ಬಟ್ಟೆಯನ್ನಾದರೂ ಗೋಡೆಗೆ ಕಟ್ಟಬಹುದಿತ್ತು. ನಾಲ್ಕು ಮಂದಿ ತಲೆ ಎತ್ತುತ್ತಿದ್ದರು. ಹೊಳೆಯಲೇ ಇಲ್ಲ, ಇವತ್ತಿಗೂ ಅದೇ ಹಳಹಳಿ. ಅವಳೇ ಅದನ್ನು ಮೂಲೆಯಿಂದ ಎತ್ತಿ, ಧೂಳು ಕೊಡವಿ, ಮಡಚಿ ಚೀಲಕ್ಕೆ ಹಾಕಿಕೊಂಡಳು.

ಊಟಕ್ಕೆ ನಿಲ್ಲೆಂದರೂ ನಿಲ್ಲಲಿಲ್ಲ. ಕಮಲಾಪುರದ ಬಸ್ಸು ಹತ್ತುವಾಗ ತಿರುಗಿ ಅಂದಳು:

"ಆ ಹೆಣ್ಮಕ್ಕಳು ಏನ್ ಮಾಡಿದ್ರು ಅಂತ ಕೇಳಿದ್ನಲ್ಲ. ಮನಿಗಿ ಹೋಗಿ ರೊಟ್ಟಿ ಬಡದಿರ್ತಾರ, ಬಿಡು."