ಮೂರು ಸಲಾಮು

ಝಾಹಿರನನ್ನು ನಾನು ಬೈದಷ್ಟು ಅವನ ಹೆಂಡತಿಯೂ ಬೈದಿರಲಿಕ್ಕಿಲ್ಲ. ನಮ್ಮ ದ್ವೀಪದೇಶದ ರಾಜಧಾನಿ ಮಾಲೆಯ ಮಾರುಕಟ್ಟೆಯಲ್ಲಿ ಮೀನು ಹೆಚ್ಚುವುದು ಅವನ ಕೆಲಸ. ತೋಳುದ್ದದ ಟ್ಯೂನಾ ಕೊಟ್ಟು ನೀವು ಒಮ್ಮೆ ಕೆಮ್ಮುವಷ್ಟರಲ್ಲಿ ಹೋಳು ಮಾಡಿಟ್ಟಿರುತ್ತಿದ್ದ. ಅಂಥವನು ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಬಕೆಟ್ಟು ಹಿಡಿದು ಸಿಪಾಯಿಗಳ ಸ್ಮಾರಕದ ಕಲ್ಲು ತೊಳೆಯುತ್ತಿದ್ದ. ಬಾಡಿಗೆ ಬಂದೂಕಿನವರು ಸಮುದ್ರ ದಾಟಿ ಬಂದು ಅಧ್ಯಕ್ಷರನ್ನು ಇಳಿಸಲು ನೋಡಿದ ದಿನ ಅಡ್ಡ ನಿಂತು ಸತ್ತ ಹುಡುಗರ ಹೆಸರುಗಳು ಆ ಕಲ್ಲಿನ ಮೇಲಿವೆ. ತೊಳೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಎಂಥಾ ದೇಶಭಕ್ತ ಎಂದು ಊರು ಕೊಂಡಾಡುತ್ತಿತ್ತು.

ದೇಶಭಕ್ತಿಯಂತೆ, ಮಣ್ಣು! ನಿಜ ಸಂಗತಿ ಅವನು ನನ್ನೊಬ್ಬಳಿಗೇ ಹೇಳಿದ್ದ.

ಆ ದಿನ ಬೆಳಗಿನ ನಮಾಜಿಗೆ ಮೊದಲೇ ಗುಂಡಿನ ಸದ್ದು ಶುರುವಾಗಿತ್ತು. ಲತೀಫ್ ಎಂಬ ಸಿಪಾಯಿ ತೊಡೆಗೆ ಗುಂಡು ತಗಲಿಸಿಕೊಂಡು ನಮ್ಮ ಓಣಿಗೆ ನುಗ್ಗಿ, ಝಾಹಿರನ ಬಾಗಿಲಲ್ಲಿ ನಿಂತು ಸಲಾಂ ಹೇಳಿದ. ನಮ್ಮಲ್ಲಿ ಹೊರಗೆ ನಿಂತು ಮೂರು ಸಲ ಸಲಾಂ ಹೇಳಬೇಕು, ಉತ್ತರ ಬಾರದಿದ್ದರೆ ತಿರುಗಿ ಹೋಗಬೇಕು. ಝಾಹಿರ್ ಮಗುವಿನ ಬಾಯಿಗೆ ಕೈ ಒತ್ತಿ ಮಂಚದ ಕೆಳಗೆ ಮಲಗಿದ್ದ. ಹುಡುಗ ಮೂರು ಸಲ ಹೇಳಿದ, ತಿರುಗಿದ. ನಮ್ಮ ಓಣಿಯಲ್ಲೇ ಅವನನ್ನು ಕೊಂದರು.

"ಸಲಾಮಿಗೆ ಉತ್ತರ ಕೊಡದೆ ಇದ್ದದ್ದು ಜನ್ಮದಲ್ಲಿ ಅದೊಂದೇ ಸಲ ಕಣಕ್ಕಾ" ಎಂದು ಅತ್ತಿದ್ದ ಝಾಹಿರ್.

ಲತೀಫನ ತಾಯಿ ಝುಲೈಖಾ ಪ್ರತಿ ನವೆಂಬರಿನಲ್ಲಿ, ಮಗ ಸತ್ತ ದಿನಕ್ಕೆ, ತಮ್ಮ ದ್ವೀಪದಿಂದ ದೋಣಿಯಲ್ಲಿ ಬರುತ್ತಿದ್ದರು. ಝಾಹಿರನಿಗೆಂದೇ ದೀವಿಹಲಸು ಕರಿದು ತರುತ್ತಿದ್ದರು. "ನನ್ನ ಮಗನ ಹೆಸರು ತೊಳೆಯೋ ಕೈ ಇದು" ಎಂದು ಅವನ ಕೈಗೆ ಮುತ್ತಿಡುತ್ತಿದ್ದರು. ಅವನು ನೇರ ನನ್ನ ಬಳಿ ಓಡಿ ಬರುತ್ತಿದ್ದ.

"ಇನ್ನು ತಡ್ಕೊಳ್ಳೋಕಾಗಲ್ಲ ರಾಝಿಯಕ್ಕಾ, ಹೇಳಿಬಿಡ್ತೀನಿ."

"ಹೇಳಿ ಏನು ಕಡಿದು ಕಟ್ಟೆ ಹಾಕ್ತೀಯೋ? ಮುದುಕಿ ಹೊಟ್ಟೆ ಉರಿಸ್ಬೇಡ. ಬಾಯ್ಮುಚ್ಕೊಂಡು ಮೀನು ಹೆಚ್ಚು ಹೋಗು" ಎಂದು ಗದರಿ ಕಳಿಸುತ್ತಿದ್ದೆ. ಹೀಗೆ ಹದಿನೆಂಟು ವರ್ಷ.

ಹತ್ತೊಂಬತ್ತನೆಯ ವರ್ಷ ಊರಿನವರು ಅವನಿಗೊಂದು ಸನ್ಮಾನಪತ್ರ ಮಾಡಿಸಿ, ಗಾಜು ಹಾಕಿಸಿ, ಆ ತಾಯಿಯ ಕೈಯಲ್ಲೇ ಕೊಡಿಸಲು ನಿಂತರು. ಸ್ಮಾರಕದ ಮುಂದೆ ಊರೆಲ್ಲ ಸೇರಿತ್ತು. ಝುಲೈಖಾ ಪತ್ರ ಚಾಚಿದರು. ಝಾಹಿರ್ ಕೈ ಹಿಂದಕ್ಕೆ ಕಟ್ಟಿಕೊಂಡ. ಕೆಟ್ಟೆ ಅಂದುಕೊಂಡೆ ನಾನು.

"ನನಗೆ ಕೊಡ್ಬೇಡೀಮ್ಮಾ. ನಿಮ್ಮ ಮಗ ನನ್ನ ಬಾಗಿಲಿಗೆ ಬಂದಿದ್ದ. ಸಲಾಂ ಹೇಳಿದ. ನಾನು ಒಳಗೇ ಇದ್ದೆ. ಓಗೊಡ್ಲಿಲ್ಲ."

ಆ ತಾಯಿ ಕಪಾಳಕ್ಕೆ ಬಾರಿಸಿದ್ದರೂ ಅವನಿಗೆ ಹಾಯೆನಿಸುತ್ತಿತ್ತೇನೋ.

"ಮೂರು ಸಲಾನೂ ಹೇಳಿದ್ನಾ?" ಎಂದು ಕೇಳಿದರು.

"ಮೂರೂ ಹೇಳಿದ."

"ಚಿಲಕ ಹಾಕಿತ್ತಾ?"

"ಇಲ್ಲಮ್ಮಾ. ನೂಕಿದ್ರೆ ಸಾಕಿತ್ತು."

ಝುಲೈಖಾ ಸ್ಮಾರಕದ ಮೆಟ್ಟಿಲ ಮೇಲೆ ಕೂತರು. "ಅಯ್ಯೋ, ನಾನೇ ಕಲಿಸಿದ್ದಪ್ಪ ಅದು! ಚಿಕ್ಕೋನಿದ್ದಾಗ ಪಕ್ಕದ ಮನೆ ಬಾಗಿಲು ನೂಕ್ಕೊಂಡು ಹೋದ ಅಂತ ಹಿಡಿದು ಬಡಿದಿದ್ದೆ. ಕೈಯಲ್ಲಿ ಬಂದೂಕು ಇಟ್ಕೊಂಡೂ ನೂಕ್ಲಿಲ್ಲವಾ ನನ್ ಕಂದ?" ತಲೆಯೆತ್ತಿ ಝಾಹಿರನನ್ನು ನೋಡಿದರು. "ನಿನ್ನ ಬಾಗಿಲು ಬಿಟ್ಟು ಆಮೇಲೆ ಎಲ್ಲಿಗೆ ಹೋದ?"

ಝಾಹಿರ್ ನನ್ನ ಕಡೆ ನೋಡಲಿಲ್ಲ. ನೋಡದಿದ್ದುದರಿಂದಲೇ ನನಗೆ ತಿಳಿಯಿತು, ಅವನಿಗೆ ಮೊದಲಿನಿಂದಲೂ ಗೊತ್ತಿತ್ತೆಂದು. ಅವನ ಮನೆಯ ಎದುರು ಮನೆ ನಮ್ಮದು. ಲತೀಫ್ ನಮ್ಮ ಬಾಗಿಲಿಗೂ ಬಂದು ಸಲಾಂ ಹೇಳಿದ್ದ. ಚಿಲಕಕ್ಕೆ ಬೆನ್ನು ಕೊಟ್ಟು ಕೂತಿದ್ದೆ ನಾನು. ಮೂರನೆಯ ಸಲ ಕೂಗಲಿ, ತೆಗೆಯೋಣ ಎಂದು ಕಾಯುತ್ತಿದ್ದೆ. ಎರಡೇ ಸಲ ಕೂಗಿದ. ಅಷ್ಟರಲ್ಲಿ ಗುಂಡು ಹಾರಿತು.

"ಗೊತ್ತಿಲ್ಲಮ್ಮಾ" ಎಂದ ಝಾಹಿರ್. "ಮಂಚದ ಕೆಳಗಿದ್ದೆ, ಕಾಣಿಸ್ಲಿಲ್ಲ."

ಈಗಲಾದರೂ ಬಾಯಿ ಬಿಡು ಮುಂಡೇದೆ ಎಂದು ನನಗೆ ನಾನೇ ಹೇಳಿಕೊಂಡೆ. ನಾಲಿಗೆ ಏಳಲಿಲ್ಲ. ಊರಿಗೆಲ್ಲ ಬುದ್ಧಿ ಹೇಳುವ ನಾಲಿಗೆ!

ಝುಲೈಖಾ ಏಳಲು ನೋಡಿದರು. ಎರಡು ಕೈಯಲ್ಲೂ ಆ ಗಾಜಿನ ಪತ್ರವಿತ್ತು. ಪಕ್ಕದಲ್ಲಿದ್ದವಳು ನಾನೇ.

"ಒಂಚೂರು ಹಿಡ್ಕೋ ತಾಯಿ" ಎಂದು ನನ್ನ ಕೈಗೆ ಕೊಟ್ಟರು. ನಾನು ಹಿಡಿದುಕೊಂಡೆ.